ಹೊಳೆಯ ಮೀನೂ ನಮ್ಮ ಹೊಣೆಯೂ

ನಾಲ್ಕು ಮಳೆಗಾಲಗಳ ಹಿಂದೆ ನಮ್ಮ ಪತ್ರಿಕೆಯ ಮೂರನೆಯ ಪುಟದಲ್ಲಿ ಒಂದು ಚಿತ್ರ ಪ್ರಕಟವಾಗಿತ್ತು. ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಇಬ್ಬರು ತರುಣರು ಊರ ಹೊಳೆಯಲ್ಲಿ ಹಿಡಿದ ಒಂದು ಬಾಳೆಮೀನಿನ ಚಿತ್ರವದು. ತರುಣರು ಆ ಮೀನನ್ನು ಒಂದು ಗಳುವಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ನಿಂತಿದ್ದರು. ಅದರ ಬಾಲ ಅವರ ಮೊಣಕಾಲನ್ನು ಮುಟ್ಟುತ್ತಿತ್ತು. “ಭಾರಿ ಬೇಟೆ” ಎಂಬ ತಲೆಬರಹವನ್ನು ಕೊಟ್ಟವರು ನಾವೇ. ಮೀನಿನ ತೂಕವನ್ನೂ, ಅದು ಮಾರಾಟವಾದ ಬೆಲೆಯನ್ನೂ ಅಡಿಯಲ್ಲಿ ಅಚ್ಚು ಹಾಕಿಸಿದ್ದೆವು.

ಮರುದಿನ ಮಧ್ಯಾಹ್ನ ಒಬ್ಬ ವೃದ್ಧ ಬೆಸ್ತರು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿಕೊಂಡು ನಮ್ಮ ಕಚೇರಿಗೆ ಬಂದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳದೆ, “ಸ್ವಾಮಿ, ಮೀನಿನ ತೂಕ ಬರ್ದೀರಿ, ರೇಟು ಬರ್ದೀರಿ. ಹೊಟ್ಟೇಲಿ ಮೊಟ್ಟೆ ಎಷ್ಟಿತ್ತು ಅಂತ ಬರೀಲೇ ಇಲ್ವಲ್ಲ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ತಂದೆಯ ಕಾಲದಲ್ಲಿ ಮಳೆಯ ಮೀನನ್ನು ಹಿಡಿಯುತ್ತಿರಲಿಲ್ಲವೇ ಎಂದು ಕೇಳಿದೆವು. “ಹಿಡೀತಿದ್ರು, ಸುಳ್ಳು ಯಾಕೆ ಹೇಳ್ಲಿ? ಕೂಣಿ ಇಟ್ಟು ಮನೆಗೆ ಬೇಕಾದಷ್ಟು ಹಿಡೀತಿದ್ರು. ಹಳ್ಳಕ್ಕೆ ಅಡ್ಡ ಬಲೆ ಕಟ್ಟಿ ಪೇಟೆಗೆ ಗಾಡಿ ತುಂಬ್ತಿರಲಿಲ್ಲ” ಎಂದರು. ಕಾಫಿ ಕುಡಿದು ಹೊರಟುಹೋದರು. ಅಂದಿನಿಂದ ಈ ವಿಷಯವಾಗಿ ಬರೆಯಬೇಕೆಂದಿದ್ದುದು, ನಾನಾ ರಾಜಕೀಯ ಗದ್ದಲಗಳ ನಡುವೆ ಇಂದಿಗೆ ಕೂಡಿಬಂದಿದೆ.

ಸಮುದ್ರದ ಮೀನುಗಾರಿಕೆಗೆ ಮಳೆಗಾಲದಲ್ಲಿ ನಿಷೇಧವುಂಟೆಂಬುದನ್ನು ನಮ್ಮ ವಾಚಕರಲ್ಲಿ ತಿಳಿಯದವರಿಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನಗಳ ಕಾಲ, ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಬಂದರಿನಲ್ಲಿ ನಿಂತಿರುತ್ತವೆ. ಮೀನಿನ ಬೆಲೆ ಏರಿದಾಗ ಗೃಹಿಣಿಯರು ಗೊಣಗುತ್ತಾರೆ. ಆದರೂ ಕಾರಣ ಎಲ್ಲರಿಗೂ ತಿಳಿದಿದೆ. ಅದೇ ಗೃಹಸ್ಥರನ್ನು ಹೊಳೆಯ ಮೀನು ಮರಿಮಾಡುವ ಕಾಲ ಯಾವುದು, ಅದಕ್ಕೆ ಕಾಯಿದೆಯ ರಕ್ಷಣೆಯೇನಾದರೂ ಉಂಟೋ ಎಂದು ಕೇಳಿ ನೋಡಿರಿ. ನೂರಕ್ಕೆ ತೊಂಬತ್ತು ಮಂದಿ ತಲೆ ಕೆರೆದುಕೊಂಡಾರು. ಸಮುದ್ರದ ವಿಸ್ತಾರದೆದುರು ಹೊಳೆ ಎಷ್ಟರದು? ಹೆಚ್ಚು ಕಾವಲು ಬೇಕಾದದ್ದು ಯಾವುದಕ್ಕೆ?

ಮುಂಗಾರಿನ ಮೊದಲ ಕೆನ್ನೀರು ಹರಿದು ಬಂದೊಡನೆ ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಹೊರಡುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೊರೆಗೆ, ತೊರೆಯಿಂದ ಗದ್ದೆಯ ಕಾಲುವೆಗೆ ಅವು ಹತ್ತಿಹೋಗುವುದನ್ನು ಕಂಡೇ ಮಲೆನಾಡಿಗರು ಅವಕ್ಕೆ “ಹತ್ತುಮೀನು” ಎಂಬ ಸಾರ್ಥಕವಾದ ಹೆಸರನ್ನಿಟ್ಟಿದ್ದಾರೆ. ಹೊಸದಾಗಿ ನೀರು ನಿಂತ ತಗ್ಗುಗಳಲ್ಲಿ ಮರಿಗಳಿಗೆ ಆಹಾರ ಹೇರಳ. ನುಂಗುವ ದೊಡ್ಡ ಮೀನುಗಳ ಕಾಟ ಕಡಮೆ. ಆದುದರಿಂದಲೇ ತಾಯಿಮೀನು ಪ್ರಾಣವನ್ನು ಪಣವಾಗಿಟ್ಟು ಮೊಳಕಾಲುದ್ದದ ನೀರಿನಲ್ಲಿಯೂ ಮೇಲೇರುತ್ತದೆ. ಉಳಿದ ಹತ್ತು ತಿಂಗಳು ಗಾಳಕ್ಕೂ ಬೀಸುಬಲೆಗೂ ಸಿಕ್ಕದೆ ಜಾಣತನದಿಂದ ಬದುಕುವ ಮೀನು ಈ ಕೆಲವು ದಿನಗಳಲ್ಲಿ ಎಚ್ಚರವನ್ನೇ ಮರೆತಿರುತ್ತದೆ. ರಾತ್ರಿಯ ಹೊತ್ತು ದೀಪ ಹಿಡಿದು ಕತ್ತಿಯಿಂದ ಕಡಿದರೂ ಸಿಕ್ಕುತ್ತದೆ. ಹುಡುಗರು ದೊಣ್ಣೆಯಿಂದ ಹೊಡೆದರೂ ಸಿಕ್ಕುತ್ತದೆ. ನಾವೂ ಬಾಲ್ಯದಲ್ಲಿ ಹಿರಿಯರ ಹಿಂದೆ ಲಾಟೀನು ಹಿಡಿದು ಹೋದವರೇ. ಆ ಉತ್ಸಾಹದ ಸವಿಯನ್ನು ಅಲ್ಲಗಳೆಯುವ ಸೋಗು ನಮಗೆ ಬೇಡ. ಆದರೆ ಕೂಣಿಯ ಬಿದಿರುಕಡ್ಡಿಗಳ ಸಂದಿನಿಂದ ಹತ್ತಕ್ಕೆ ಎಂಟು ತಪ್ಪಿಸಿಕೊಂಡು ಹೋಗುತ್ತಿದ್ದ ಆ ಕಾಲಕ್ಕೂ, ಸೊಳ್ಳೆಪರದೆಯಂಥ ನೈಲಾನು ಬಲೆಯನ್ನು ಹಳ್ಳದ ಬಾಯಿಗೆ ದಡದಿಂದ ದಡಕ್ಕೆ ಬಿಗಿಯುವ ಈ ಕಾಲಕ್ಕೂ ಬಹಳ ಅಂತರವುಂಟು. ಕೇರಳದವರು 2010ರ ತಮ್ಮ ಒಳನಾಡು ಮೀನುಗಾರಿಕೆಯ ಕಾಯಿದೆಯಲ್ಲಿ ಮಳೆಗಾಲದ ಈ ಏರುಮೀನಿನ ಬೇಟೆಯನ್ನೇ ಅಪರಾಧವೆಂದು ಸಾರಿದ್ದಾರೆ. ಅಲ್ಲಿಯೂ ಬೇಟೆ ಪೂರ್ಣವಾಗಿ ನಿಂತಿದೆಯೆಂದು ನಾವು ಹೇಳಲಾರೆವು; ಆದರೆ ಅದು ತಪ್ಪೆಂಬ ಮಾತು ಕಾಗದದ ಮೇಲೆ ಬಂದಿದೆ.

ನಮ್ಮಲ್ಲಿ ಕಾಯಿದೆಗೆ ಬರಗಾಲವಿಲ್ಲ. 1897ರಷ್ಟು ಹಿಂದೆಯೇ ಇಂಡಿಯಾ ಸರ್ಕಾರ ಮೀನುಗಾರಿಕೆಯ ಕಾಯಿದೆಯನ್ನು ಮಾಡಿತು. ನೀರಿನಲ್ಲಿ ಸಿಡಿಮದ್ದು ಹಾಕುವುದು, ವಿಷ ಕದಡುವುದು ಅದರಂತೆ ಅಪರಾಧಗಳು. ಎರಡು ತಿಂಗಳ ವರೆಗೆ ಸೆರೆ, ಇಲ್ಲವೆ ಇನ್ನೂರು ರೂಪಾಯಿಗಳ ವರೆಗೆ ದಂಡ. ಅಂದಿನ ಇನ್ನೂರು ರೂಪಾಯಿ ಅಲ್ಪ ಮೊತ್ತವಲ್ಲ. ಬಲೆಯ ಕಣ್ಣಿನ ಅಳತೆಯನ್ನು ಗೊತ್ತುಪಡಿಸಲು, ಹೊಳೆಗೆ ಅಡ್ಡಲಾಗಿ ಕಟ್ಟುವ ಕಟ್ಟೆಗಳನ್ನು ತಡೆಯಲು, ಗೊತ್ತಾದ ನೀರಿನಲ್ಲಿ ಎರಡು ವರ್ಷಗಳ ವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸಲು ಪ್ರಾಂತ ಸರ್ಕಾರಗಳಿಗೆ ಅದು ಅಧಿಕಾರ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕುರಿತು ಪ್ರತ್ಯೇಕ ರೆಗ್ಯುಲೇಷನ್ ಬಂತು. ಆ ಬಳಿಕ ಇಡೀ ನಾಡಿಗೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ ಬಂದಿದೆ. ಅದರ ಪೂರ್ಣ ಹೆಸರಿನ ಕಂಸದಲ್ಲಿ ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣ ಎಂಬ ಮೂರು ಮಾತುಗಳಿವೆ. ಸಂರಕ್ಷಣೆಯನ್ನು ಮೊದಲಿಟ್ಟವರು ತಿಳಿದವರೇ ಸರಿ. ಇಲಾಖೆಯ ವಾರ್ಷಿಕ ಲೆಕ್ಕಗಳಲ್ಲಾದರೋ ಬಿತ್ತಿದ ಮರಿಗಳ ಸಂಖ್ಯೆ, ಹಿಡಿದ ಟನ್ನುಗಳು, ಹರಾಜಿನ ಹಣ ಇವು ಎದ್ದು ಕಾಣುತ್ತವೆ. ಹೊಳೆಯಲ್ಲಿ ಉಳಿದುಕೊಂಡ ತಾಯಿಮೀನುಗಳಿಗೆ ಅಲ್ಲಿ ಅಂಕಣವಿಲ್ಲ.

ಸಿಡಿಮದ್ದಿನ ಮಾತು ಹಳೆಯದಾಯಿತೆಂದು ಯಾರೂ ಭಾವಿಸಬಾರದು. ಕಲ್ಲುಗಣಿಗಳಿಗೆಂದು ಬಂದ ತೋಟೆ ಹೊಳೆಯ ಮಡುವಿಗೆ ಬೀಳುತ್ತದೆ. ನೀರಿನೊಳಗಿನ ಆ ಒಂದು ಹೊಡೆತಕ್ಕೆ ಮೀನಿನ ಗಾಳಿಚೀಲ ಒಡೆಯುತ್ತದೆ. ತೇಲಿದವನ್ನು ಆಯ್ದುಕೊಳ್ಳುತ್ತಾರೆ, ಮುಳುಗಿದವು ತಳದಲ್ಲಿ ಕೊಳೆಯುತ್ತವೆ, ಮೊಟ್ಟೆಮರಿಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಬೇಸಗೆಯಲ್ಲಿ ಹೊಳೆ ಹರಿಯುವುದು ನಿಂತು ಮಡುಗಳಾಗಿ ತುಂಡಾದಾಗ ಬ್ಲೀಚಿಂಗ್ ಪುಡಿ ಹಾಕುವ ಇನ್ನೊಂದು ವಿದ್ಯೆ ಬೆಳೆದಿದೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರು, ಅದೂ ಒಳ್ಳೆಯದೇನಲ್ಲ. ಕಿರಾಣಿ ಅಂಗಡಿಯಲ್ಲಿ ಸಿಕ್ಕುವ ಈ ಬಿಳಿಯ ಪುಡಿಯಾದರೋ ಮೀನಿನೊಡನೆ ಏಡಿ, ಸಿಗಡಿ, ಕಪ್ಪೆಮರಿ ಎಲ್ಲವನ್ನೂ ಕೊಲ್ಲುತ್ತದೆ. ಆ ಮಡುವಿನ ಕೆಳಗೆ ಇನ್ನೊಂದು ಊರಿನವರು ಕುಡಿಯುವ ನೀರನ್ನು ಹಿಡಿಯುತ್ತಾರೆಂಬುದನ್ನು ಪೊಲೀಸು ಠಾಣೆಯ ಅಧಿಕಾರಿಗಳು ನೆನಪಿಡಬೇಕೆಂದು ವಿನಂತಿ. ದೂರು ಕೊಡಹೋದವರಿಗೆ “ಮೀನಿಗೂ ಕಂಪ್ಲೇಂಟೇ?” ಎಂದು ನಗುವ ಠಾಣೆಯನ್ನು ನಾವು ಬಲ್ಲೆವು.

ಜನರೇ ಕಾದರೆ ಏನಾಗುವುದೆಂಬುದಕ್ಕೆ ಶೃಂಗೇರಿಗಿಂತ ಬೇರೆ ಸಾಕ್ಷಿ ಬೇಡ. ತುಂಗೆಯ ಸೋಪಾನಗಳ ಬಳಿ ತೋಳುದ್ದದ ಮೀನುಗಳು ಯಾತ್ರಿಕರ ಕೈಯ ಮಂಡಕ್ಕಿಗೆ ಹಿಂಡುಹಿಂಡಾಗಿ ಬರುತ್ತವೆ. ಅಲ್ಲಿ ಗಾಳ ಹಾಕುವ ಧೈರ್ಯ ಯಾರಿಗೂ ಇಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಮುಂದೆ ಕಪಿಲೆಯಲ್ಲಿಯೂ ಹೀಗೆಯೇ. ಆದರೆ ಅದೇ ಶಿಶಿಲದಲ್ಲಿ 1996ರಲ್ಲಿ ದುಷ್ಟರು ನೀರಿಗೆ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಸತ್ತ ಮೀನುಗಳ ನೆನಪಿಗೆ ಸ್ಮಾರಕವನ್ನು ನಿಲ್ಲಿಸಿದರು. ಹೊಳೆಯ ಮೀನಿಗೆ ಸ್ಮಾರಕ ಕಟ್ಟಿದ ಊರು ಜಗತ್ತಿನಲ್ಲಿ ಎಷ್ಟಿವೆಯೋ ನಾವರಿಯೆವು. ಇದನ್ನು ನಾಡು ಅಭಿಮಾನದಿಂದ ಹೇಳಿಕೊಳ್ಳಬಹುದು. ಒಂದು ಮಾತನ್ನು ಮಾತ್ರ ಭಕ್ತರ ಕೋಪಕ್ಕೆ ಅಂಜದೆ ಹೇಳಬೇಕಾಗಿದೆ. ಮೆಟ್ಟಿಲ ಬಳಿ ಮಂಡಕ್ಕಿ ತಿಂದ ಮೀನು ಮಳೆಗಾಲದಲ್ಲಿ ಮರಿಮಾಡಲು ಮೇಲಿನ ಹಳ್ಳಗಳಿಗೆ ಹೋಗತಕ್ಕದ್ದಷ್ಟೆ? ಅಲ್ಲಿ ಅದನ್ನು ದೇವರ ಮೀನೆಂದು ಯಾರು ಗುರುತಿಸುತ್ತಾರೆ? ಭಕ್ತಿಯ ಎಲ್ಲೆ ಸೋಪಾನದ ಕೊನೆಯ ಕಲ್ಲಿಗೆ ಮುಗಿದರೆ ಕಾಯಿದೆಯ ಎಲ್ಲೆ ಅಲ್ಲಿಂದ ಮುಂದಕ್ಕೆ ಆರಂಭವಾಗಬೇಕು.

ಇನ್ನು ಕಾವೇರಿಯ ಕಥೆಗೆ ಬರುತ್ತೇವೆ. ಒಳ್ಳೆಯ ಮನಸ್ಸಿನಿಂದಲೂ ಕೆಡುಕಾಗಬಲ್ಲದೆಂಬುದನ್ನು ಅದು ತೋರಿಸುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮಹಶೀರ್ ಎಂದು ಪ್ರಸಿದ್ಧವಾದ, ಕಾವೇರಿ ತೀರದವರು ಬಿಳಿಮೀನೆನ್ನುವ ಜಾತಿಯನ್ನು ಇಂಗ್ಲಿಷರು ಕಂಡು ಬೆರಗಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವರು ಭಾರತದ ಗಾಳಬೇಟೆಯನ್ನು ಕುರಿತು ಬರೆದ ದೊಡ್ಡ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಹೊಳೆಯ ಮೀನು ಕ್ಷಯಿಸುತ್ತಿದೆ, ಮರಿಗಳನ್ನು ಹಿಡಿಯುವುದನ್ನು ತಡೆಯಬೇಕು ಎಂದು ಸರ್ಕಾರಕ್ಕೆ ಬರೆದವರಲ್ಲಿ ಅವರು ಮೊದಲಿಗರು. ಕಾವೇರಿಯ ಮಹಶೀರ್ ಉಳಿದೆಲ್ಲ ಮಹಶೀರುಗಳಿಗಿಂತ ದೊಡ್ಡದು. ಬೆನ್ನು ಗೂನಾಗಿ ಉಬ್ಬಿ, ರೆಕ್ಕೆಗಳು ಕಿತ್ತಳೆಯ ಬಣ್ಣಕ್ಕಿರುತ್ತವೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಗಾಳದಿಂದ ಹಿಡಿದ ಮೀನು 120 ಪೌಂಡು ತೂಗಿತು. ಆ ತೂಕವನ್ನು ದೇಶವಿದೇಶಗಳ ಬೇಟೆಗಾರರು ಇಂದಿಗೂ ಹೇಳುತ್ತಾರೆ. ಇಷ್ಟು ಪ್ರಸಿದ್ಧವಾದ ಪ್ರಾಣಿಗೆ ವಿಜ್ಞಾನಿಗಳೆಲ್ಲ ಒಪ್ಪಿದ ಸರಿಯಾದ ಹೆಸರೇ 2018ರ ವರೆಗೆ ಇರಲಿಲ್ಲವೆಂದರೆ ವಾಚಕರು ನಂಬಲಾರರು. ಕೇರಳದ ಪಾಂಬಾರಿನಲ್ಲಿ, ಅದೂ ಕಾವೇರಿಗೆ ಸೇರುವ ನೀರೇ, ಸಿಕ್ಕಿದ ಸಣ್ಣ ಮೀನುಗಳಿಗೆ ಮೊದಲೇ ಇಟ್ಟಿದ್ದ ಟಾರ್ ರೇಮಾದೇವಿಐ ಎಂಬ ಹೆಸರು ಕಾವೇರಿಯ ಗೂನುಬೆನ್ನಿನ ದೈತ್ಯನದೂ ಹೌದೆಂದು ಆ ವರ್ಷ ಸಿದ್ಧವಾಯಿತು. ಹೆಸರು ಸಿಕ್ಕಿದ ವರ್ಷವೇ ಅಂತರರಾಷ್ಟ್ರೀಯ ಸಂರಕ್ಷಣಾ ಸಂಘದವರು ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿದರು. ನಾಮಕರಣವೂ ಮರಣಶಯ್ಯೆಯೂ ಒಂದೇ ವರ್ಷ!

ಹೀಗಾದದ್ದು ಹೇಗೆ? ಅಣೆಕಟ್ಟುಗಳು ಮೀನಿನ ಹಾದಿಯನ್ನು ಕಡಿದವು. ಕನ್ನಂಬಾಡಿಯ ಕಟ್ಟೆಯಿಂದ ನಾಡಿಗಾದ ಉಪಕಾರವನ್ನು ನೆನೆಯುತ್ತಲೇ ಈ ಸತ್ಯವನ್ನೂ ಒಪ್ಪಬೇಕು. ತೋಟೆ, ಮರಳು ತೆಗೆಯುವುದು, ಬೇಸಗೆಯಲ್ಲಿ ಬತ್ತುವ ಹರಿವು ಇವೂ ಸೇರಿದವು. ಇವೆಲ್ಲದರ ಜೊತೆಗೆ ಇನ್ನೊಂದು ನಡೆಯಿತು. ಮಹಶೀರ್ ಕಡಮೆಯಾಗುತ್ತಿದೆಯೆಂಬ ಕಳಕಳಿಯಿಂದ ಲೋಣಾವಳದಲ್ಲಿ ತಾತಾ ವಿದ್ಯುತ್ ಕಂಪನಿಯವರು ಮರಿಕೇಂದ್ರವನ್ನು ನಡೆಸಿ ಲಕ್ಷಾಂತರ ಮರಿಗಳನ್ನು ದೇಶದ ನಾನಾ ಹೊಳೆಗಳಿಗೆ ಕಳುಹಿಸಿದರು. ಕಾವೇರಿಗೂ ಮರಿಗಳು ಬಂದವು. ಅವು ಕೃಷ್ಣೆಯ ಮೇಲ್ನೀರಿಗೆ ಸೇರಿದ ನೀಲಿರೆಕ್ಕೆಯ ಜಾತಿಯವು. ಮಹಶೀರ್ ಮಹಶೀರೇ ಅಲ್ಲವೇ, ಯಾವುದಾದರೇನು ಎಂದು ಅಂದು ಎಲ್ಲರೂ ತಿಳಿದರು. ನಾವು ಪತ್ರಿಕೆಯವರಾಗಿದ್ದರೂ ಹೊಗಳಿಯೇ ಬರೆಯುತ್ತಿದ್ದೆವು.

ಮುಂದಾದದ್ದು ಗೊತ್ತಾದುದು ಗಾಳ ಹಾಕುವವರ ಲೆಕ್ಕದ ಪುಸ್ತಕದಿಂದ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬ ಕಾವೇರಿ ತೀರದ ಶಿಬಿರಗಳಲ್ಲಿ ದೇಶವಿದೇಶಗಳ ಹವ್ಯಾಸಿಗಳು ಮೀನನ್ನು ಹಿಡಿದು, ತೂಗಿ, ಬರೆದಿಟ್ಟು, ಮರಳಿ ನೀರಿಗೆ ಬಿಡುತ್ತಿದ್ದರು. ಗಾಳಿಬೋರೆಯ ಪುಸ್ತಕದಲ್ಲಿ 1998ರಿಂದ 2012ರ ವರೆಗೆ 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಹೆಚ್ಚು ಮೀನುಗಳ ತೂಕ ದಾಖಲಾಗಿತ್ತು. ಅದನ್ನು ಲೆಕ್ಕ ಹಾಕಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫಲಿತಾಂಶ ವಿಚಿತ್ರವಾಗಿತ್ತು. ಒಟ್ಟು ಮೀನಿನ ಸಂಖ್ಯೆ ಏರಿತ್ತು. ಸರಾಸರಿ ಗಾತ್ರ ಇಳಿದಿತ್ತು. ಏರಿದವು ನೀಲಿರೆಕ್ಕೆಯವು, ಕಿತ್ತಳೆರೆಕ್ಕೆಯ ಮೂಲನಿವಾಸಿ ಅಪರೂಪವಾಗುತ್ತ ಹೋಗಿತ್ತು. ಬರಿಯ ಸಂಖ್ಯೆಯನ್ನು ನೋಡಿದ್ದರೆ ಹೊಳೆ ಸುಭಿಕ್ಷವಾಗಿದೆಯೆಂದು ಹಿಗ್ಗುತ್ತಿದ್ದೆವು. ಹೊರಗಿನವರು ಮನೆ ತುಂಬಿ ಮನೆಯವರು ಬೀದಿಗೆ ಬಿದ್ದ ಸ್ಥಿತಿ ಆ ಸಂಖ್ಯೆಯ ಹಿಂದೆ ಅಡಗಿತ್ತು.

ಆ ಶಿಬಿರಗಳು ಕಾವೇರಿ ವನ್ಯಜೀವಿಧಾಮದ ಒಳಗಿದ್ದುದರಿಂದ, ಗಾಳ ಹಾಕುವುದೂ 1972ರ ವನ್ಯಜೀವಿ ಕಾಯಿದೆಯ ಅರ್ಥದಲ್ಲಿ ಬೇಟೆಯೇ ಎಂಬ ಕಾರಣದಿಂದ, ಅಲ್ಲಿಯ ಗಾಳ ನಿಂತಿತು. ಬಿಡುವುದಕ್ಕೆಂದೇ ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವ ವಿನೋದ ನಮ್ಮ ಮನಸ್ಸಿಗೂ ಒಗ್ಗದು. ಹಸಿದವನು ಹಿಡಿದು ತಿಂದರೆ ಅದರಲ್ಲಿ ಒಂದು ನ್ಯಾಯವಾದರೂ ಉಂಟು. ಆದರೂ ಪಕ್ಷಪಾತವಿಲ್ಲದೆ ಹೇಳಬೇಕಾದರೆ, ಹಿಂದೆ ತೋಟೆ ಹಾಕುತ್ತಿದ್ದ ತೀರದ ಹಳ್ಳಿಗರು ಕೆಲವರು ಆ ಶಿಬಿರಗಳ ಸಂಬಳ ಪಡೆದು ಹೊಳೆಯ ಕಾವಲುಗಾರರಾಗಿದ್ದರು. ಮಡುವಿನಲ್ಲಿ ಏನಿದೆ, ಏನಿಲ್ಲ ಎಂಬ ಲೆಕ್ಕವೂ ಅಲ್ಲಿತ್ತು. ಗಾಳದೊಡನೆ ಕಾವಲೂ ಲೆಕ್ಕವೂ ಹೋದವು. ಒಂದನ್ನು ನಿಲ್ಲಿಸಿದವರು ಇನ್ನೆರಡನ್ನು ಬೇರೆ ರೀತಿಯಲ್ಲಿ ನಡೆಸುವ ಏರ್ಪಾಡು ಮಾಡಬೇಕಾಗಿತ್ತೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಅರಣ್ಯ ಇಲಾಖೆಯವರೂ ಮೀನುಗಾರಿಕೆ ಇಲಾಖೆಯವರೂ ಒಂದೇ ಹೊಳೆಯ ಎರಡು ದಡಗಳಲ್ಲಿ ನಿಂತು ಪತ್ರವ್ಯವಹಾರ ನಡೆಸುತ್ತಿದ್ದರೆ ನಡುವಿನ ಮೀನು ಯಾರ ಕಡತಕ್ಕೂ ಸೇರದು.

ಕೆರೆಗಳ ವಿಷಯ ಬೇರೆ. ಅಲ್ಲಿ ಮರಿ ಬಿತ್ತಿ ಬೆಳೆದು ಹಿಡಿಯುವುದು ಬೇಸಾಯದಂತೆಯೇ. ಕಾಟ್ಲಾ, ರೋಹು ಲಕ್ಷಗಟ್ಟಲೆ ಮೊಟ್ಟೆಯಿಡುವ ಜಾತಿಗಳು, ಮರಿಕೇಂದ್ರಗಳಿಂದ ಪ್ರತಿವರ್ಷ ಸಿಕ್ಕುತ್ತವೆ. ಮಹಶೀರಿನಂಥವು ಮೊಟ್ಟೆಯಿಡುವುದೂ ಕಡಮೆ, ಬೆಳೆಯುವುದೂ ನಿಧಾನ. ಹೋದದ್ದು ಬೇಗನೆ ತುಂಬದು. ಕೆರೆಯ ಗುತ್ತಿಗೆದಾರರಲ್ಲಿ ನಾವು ಕೇಳುವುದು ಒಂದೇ: ಕೋಡಿ ಬಿದ್ದಾಗ ಕೆರೆಯ ಮೀನು ಹೊಳೆಗೆ ಹೋಗುತ್ತದೆಂಬುದನ್ನು ಮರೆಯಬೇಡಿರಿ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ, ನಮ್ಮವರ ಬಾಯಲ್ಲಿ ಜಿಲೇಬಿ, ಹೀಗೆಯೇ ಕೆರೆಯಿಂದ ಕೆರೆಗೆ ಹಬ್ಬಿತು. ಸಿಕ್ಕಿದ್ದನ್ನೆಲ್ಲ ನುಂಗುವ ಆಫ್ರಿಕಾದ ಮೀಸೆಮೀನನ್ನು ಸಾಕುವುದನ್ನು ಭಾರತ ಸರ್ಕಾರ ನಿಷೇಧಿಸಿದ ಬಳಿಕವೂ ಕದ್ದು ಸಾಕುವ ಹೊಂಡಗಳ ಸುದ್ದಿಯನ್ನು ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕುತ್ತಿವೆ.

ಮೀನನ್ನೇ ನಂಬಿ ಬದುಕುವ ಬೆಸ್ತರು, ಗಂಗಾಮತಸ್ಥರು, ಮೊಗವೀರರು, ಅಂಬಿಗರು ಇವರ ಹೊಟ್ಟೆಯ ಮೇಲೆ ಹೊಡೆದು ಮೀನನ್ನು ಉಳಿಸಬೇಕೆಂದು ನಮ್ಮ ಮಾತನ್ನು ಯಾರಾದರೂ ತಿರುಚಿದರೆ ಅದು ಅನ್ಯಾಯ. ಹೊಳೆ ಬರಿದಾದರೆ ಮೊದಲು ಬೀದಿಗೆ ಬೀಳುವವರು ಅವರೇ. ತೋಟೆ ಹಾಕುವವರು ಬಹುಪಾಲು ಕುಲವೃತ್ತಿಯ ಬೆಸ್ತರೇ ಅಲ್ಲ, ರಜೆಯ ದಿನ ಜೀಪಿನಲ್ಲಿ ಬರುವ ಪುಂಡರು. ಮೀನು ಹಿಡಿಯದ ಕಾಲದಲ್ಲಿ ಮೀನುಗಾರರ ಜೀವನಕ್ಕೆ ನೆರವು ಕೊಡುವ ಅಂಶ 2020ರಲ್ಲಿ ಕೇಂದ್ರ ಸರ್ಕಾರದವರು ಆರಂಭಿಸಿದ ಮತ್ಸ್ಯ ಸಂಪದಾ ಯೋಜನೆಯಲ್ಲಿದೆ. ಕರಾವಳಿಯ ಮೀನುಗಾರರಂತೆ ಒಳನಾಡಿನ ಹೊಳೆಯ ಮೀನುಗಾರರಿಗೂ ಅಂಥ ನೆರವು ಕೈಸೇರುವಂತೆ ನೋಡಿಕೊಂಡು, ಮೃಗಶಿರಾ ಮಳೆಯಿಂದ ಪುಷ್ಯದ ಮಳೆಯ ವರೆಗೆ ಹಳ್ಳಗಳ ಬಾಯಿಗೆ ಬಲೆ ಬೀಳದಂತೆ ಮಾಡಿದರೆ ಅವರೇ ಮೊದಲ ಕಾವಲುಗಾರರಾಗುವರು. ನಮ್ಮನ್ನು ನಮ್ಮ ಕಚೇರಿಯಲ್ಲಿಯೇ ನಿಲ್ಲಿಸಿ ಕೇಳಿದ ಆ ವೃದ್ಧರಿಗಿಂತ ಒಳ್ಳೆಯ ಮೀನುಗಾರಿಕಾ ಇನ್ಸ್ಪೆಕ್ಟರನ್ನು ಯಾವ ಪರೀಕ್ಷಾ ಮಂಡಲಿ ಆರಿಸೀತು?

ಪೇಟೆಯವರಾದ ನಮ್ಮ ಪಾಲು ಚಿಕ್ಕದೇನಲ್ಲ. ಮಳೆಗಾಲದಲ್ಲಿ ಮೊಟ್ಟೆಮೀನೇ ಬೇಕೆಂದು ಅಂಗಡಿಯ ಮುಂದೆ ಹಟ ಹಿಡಿಯುವವರು ನಾವು. ಬೆರಳುದ್ದದ ಮರಿಗಳನ್ನು ಒಣಗಿಸಿದ್ದು ಅಗ್ಗವಾಗಿ ಸಿಕ್ಕಿತೆಂದು ಸೇರುಗಟ್ಟಲೆ ಕೊಳ್ಳುವವರು ನಾವು. ಹವ್ಯಾಸಕ್ಕೆ ಗಾಳ ಹಿಡಿಯುವ ತರುಣರು, ಮೊದಲು ಆ ನೀರಿನಲ್ಲಿ ಹಿಡಿಯಲು ಅನುಮತಿ ಬೇಕೇ ಎಂದು ಇಲಾಖೆಯಲ್ಲಿ ಕೇಳಲಿ. ಬಿಡುವ ಮೀನಾದರೆ ಮುಳ್ಳಿಲ್ಲದ ಕೊಕ್ಕೆಯನ್ನು ಬಳಸಲಿ. ಒಣಗೈಯಿಂದ ಮುಟ್ಟಿದರೆ ಮೈಯ ಲೋಳೆ ಅಳಿದು ಹುಣ್ಣಾಗುವುದರಿಂದ ಕೈ ಒದ್ದೆ ಮಾಡಿಕೊಂಡು, ಬಂಡೆಯ ಮೇಲೆ ಎಳೆಯದೆ, ನೀರಿನಲ್ಲಿಯೇ ಕೊಕ್ಕೆಯನ್ನು ಬಿಡಿಸಲಿ. ಕೈಯಲ್ಲಿ ಎತ್ತಿ ಹಿಡಿದು ಹತ್ತು ಚಿತ್ರ ತೆಗೆಸಿಕೊಳ್ಳುವಷ್ಟು ಹೊತ್ತು ಮೀನು ಉಸಿರು ಕಟ್ಟಿರಲಾರದು.

ಚಿತ್ರದ ಮಾತಿಗೆ ನಮ್ಮದೇ ತಪ್ಪು ನೆನಪಾಗುತ್ತದೆ. ಈ ವರ್ಷ ಆರಿದ್ರಾ ಹಿಡಿದ ವಾರದಲ್ಲಿ ನಮ್ಮ ಕಚೇರಿಗೆ ಅಂಥ ಏಳು ಚಿತ್ರಗಳು ಬಂದವು. ಒಂದನ್ನೂ ಅಚ್ಚು ಹಾಕಿಲ್ಲ. ಕಳುಹಿಸಿದವರೆಲ್ಲರಿಗೂ ಒಂದೊಂದು ಕಾಗದ ಬರೆದಿದ್ದೇವೆ: ಶ್ರಾವಣ ಕಳೆಯಲಿ, ಹೊಳೆ ತಿಳಿಯಾಗಲಿ, ಹಿಡಿದು ನೀರಿಗೆ ಬಿಟ್ಟ ಮೀನಿನ ಚಿತ್ರವಿದ್ದರೆ ಕಳುಹಿಸಿರಿ, ಅದೇ ಮೂರನೆಯ ಪುಟದಲ್ಲಿ ಅಷ್ಟೇ ದೊಡ್ಡದಾಗಿ ಹಾಕುತ್ತೇವೆ. ಇಬ್ಬರಿಂದ ಉತ್ತರ ಬಂದಿದೆ; ಅದರಲ್ಲಿ ಒಬ್ಬರು ಕೋಪಿಸಿಕೊಂಡಿದ್ದಾರೆ.